ಧಾರೆಯ ಮಣೆಗೆ ಎಂಟು ತಿಂಗಳು

೧೯೯೭ರ ಜೂನ್ ಹದಿನೈದು, ಭಾನುವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಸ್ಥಳ, ಪುಣೆಯ ಕೋಥರೂಡದಲ್ಲಿ ಎರಡನೆಯ ಮಹಡಿಯ ನಮ್ಮ ಮನೆಯ ಹೊರಗಿನ ಕೋಣೆ. ಹಾಜರಿದ್ದವರು: ಸೊಲ್ಲಾಪುರದಿಂದ ಬಂದ ಬೀಗರ ಕಡೆಯವರು ಒಂಬತ್ತು ಮಂದಿ, ನಮ್ಮ ಕಡೆಯಿಂದ ನಾನು, ಯಜಮಾನರು, ಮಗಳು, ಮೈದುನ, ಮೈದುನನ ಹೆಂಡತಿ, ಮತ್ತು ಆಚಾರ್ಯರು. ಒಟ್ಟು ಹದಿನೈದು ಜನ. ಸಂದರ್ಭ, ನಮ್ಮ ಒಬ್ಬಳೇ ಮಗಳ ನಿಶ್ಚಯ.

ನಾನೂ ಯಜಮಾನರೂ ಪಕ್ಕಪಕ್ಕದ ಮಣೆಗಳ ಮೇಲೆ ಕುಳಿತು ಇಪ್ಪತ್ತೈದು ನಿಮಿಷವಾಗಿತ್ತು. ಗಣಪತಿ ಪೂಜೆ ಮುಗಿಯಿತು. ಬೀಗರಿಗೆ ತಾಂಬೂಲ ಕೊಡಲು ಆಚಾರ್ಯರು "ಏಳ್ರಿ" ಎಂದರು. ಯಜಮಾನರು ಎದ್ದರು. ನನ್ನ ಎಡಗಾಲು ಜೋಮು ಹಿಡಿದು ಇದೆಯೋ ಇಲ್ಲವೋ ತಿಳಿಯದಂತಾಗಿತ್ತು. ಬಲಗೈ ನೆಲಕ್ಕೆ ಊರಿದೆ, ಆಗಲಿಲ್ಲ. ಎಡಗೈಗೆ ಸಿಕ್ಕದ್ದು ಆರತಿ ತಟ್ಟೆಯ ಅಂಚು. ತಟ್ಟೆ ಮಗುಚಿತು, ತೆಂಗಿನಕಾಯಿ ಉರುಳಿಕೊಂಡು ಹೋಗಿ ಬೀಗರ ಕಾಲ ಬಳಿ ನಿಂತಿತು. ಜಮಖಾನದ ಮೇಲೆಲ್ಲ ಕುಂಕುಮ.

"ಕುರ್ಚಿ ತರ್ರಿ, ಕುರ್ಚಿ" ಎಂದರು ಹುಡುಗನ ಸೋದರಮಾವ, ಒಳ್ಳೆಯ ಮನಸ್ಸಿನಿಂದಲೇ. ಯಜಮಾನರು ಒಂದು ಕಡೆ, ಮೈದುನ ಇನ್ನೊಂದು ಕಡೆ ರಟ್ಟೆ ಹಿಡಿದು ನನ್ನನ್ನು ಎತ್ತಿದರು. ಉಳಿದ ಕಾರ್ಯವನ್ನು ಕುರ್ಚಿಯ ಮೇಲೆ ಕುಳಿತು ಮುಗಿಸಿದೆ. ಎಲ್ಲರೂ ಕೆಳಗೆ, ನಾನೊಬ್ಬಳು ಮೇಲೆ. ತಲೆ ಎತ್ತಿದರೆ ಎಲ್ಲರ ಮುಖ ಕಾಣುತ್ತಿತ್ತು, ಅದಕ್ಕೇ ಎತ್ತಲಿಲ್ಲ.

ಊಟವಾಗಿ ಬೀಗರು ಹೊರಟ ಮೇಲೆ ಆಚಾರ್ಯರು ಎಲೆ ಅಡಿಕೆ ಹಾಕಿಕೊಳ್ಳುತ್ತ ಮಾತು ತೆಗೆದರು.

"ಇವತ್ತಿಂದು ನಡೀತು. ಮದುವಿ ದಿವಸ ಹಂಗಲ್ರಿ. ನಾಂದಿ, ಪುಣ್ಯಾಹ ಹಿಡಕೊಂಡು ಧಾರಿ ತನಕಾ ಮೂರು ತಾಸು. ನಡುವ ಮಣಿ ಬಿಟ್ಟು ಏಳೂ ಹಂಗಿಲ್ಲ. ಕುರ್ಚಿ ಹಾಕಿ ಧಾರಿ ಎರಿಸೋದು ನನ್ನ ಕೈಲೆ ಆಗಂಗಿಲ್ಲ."

"ಮತ್ತೇನು ಮಾಡೂದ್ರಿ ಆಚಾರ್ರ?" ಎಂದರು ಯಜಮಾನರು.

"ಮಾಡೋದೇನದ? ತಮ್ಮ, ತಮ್ಮನ ಹೆಂಡತಿ ಕೂಡಲಿ. ಕಾಕಾ ಕಾಕು ಧಾರಿ ಎರದ್ರ ಶಾಸ್ತ್ರಕ್ಕ ಏನೂ ಕಡಿಮಿ ಆಗಂಗಿಲ್ಲ."

ಮೈದುನನ ಹೆಂಡತಿ, ಅಂದರೆ ನನ್ನ ನೆಗೆಣ್ಣಿ, ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ನನಗಿಂತ ಆರು ವರ್ಷ ಚಿಕ್ಕವಳು. ಕಡ್ಡಿಯಂಥ ಮೈ. "ನಾ ಕೂಡ್ತೀನಿ ತಗೋರಿ ಅಕ್ಕಾ" ಎಂದಳು. "ನೀವು ಆರಾಮಾಗಿ ಕುರ್ಚಿ ಮ್ಯಾಲೆ ಕೂತು ನೋಡ್ರಿ."

ಆ 'ಆರಾಮಾಗಿ' ಎಂಬ ಮಾತು ನನಗೆ ನಾಟಿತು. ನಮ್ಮ ಮನೆಗಳಲ್ಲಿ ತಂದೆ ಮಗಳ ಕೈಯನ್ನು ಅಳಿಯನ ಕೈಯಲ್ಲಿ ಇಡುವಾಗ, ಆ ಕೈಗಳ ಮೇಲೆ ತಂಬಿಗೆಯಿಂದ ನೀರಿನ ಧಾರೆ ಬಿಡುವವಳು ತಾಯಿ. ಇಪ್ಪತ್ಮೂರು ವರ್ಷ ಸಾಕಿದ ಮಗಳನ್ನು ಕೊಡುವ ಗಳಿಗೆಯಲ್ಲಿ ತಾಯಿಗೆ ಇರುವ ಕೆಲಸ ಅದೊಂದೇ. ಅದನ್ನು ಕುರ್ಚಿಯ ಮೇಲೆ ಕುಳಿತು ನೋಡಬೇಕಂತೆ.

ಸಂಜೆ ಜಮಖಾನದ ಕುಂಕುಮ ಝಾಡಿಸುವಾಗ ಮಗಳು ಅದರ ಇನ್ನೊಂದು ತುದಿ ಹಿಡಿದಿದ್ದಳು. "ಅವ್ವಾ, ಕಾಕು ಒಳ್ಳ್ಯಾಕಿನ. ಆದ್ರ ನೀರು ನೀನ ಬಿಡಬೇಕು" ಎಂದಳು. ಅಷ್ಟೇ. ಆ ವಿಷಯವನ್ನು ಅವಳು ಮತ್ತೆ ಎತ್ತಲಿಲ್ಲ. ಮುಹೂರ್ತ ಇದ್ದದ್ದು ಫೆಬ್ರುವರಿಯಲ್ಲಿ. ನನಗೆ ಎಂಟು ತಿಂಗಳಿದ್ದವು.

ನನ್ನ ತಂದೆ ವಿಜಾಪುರದ ಶಾಲೆಯೊಂದರಲ್ಲಿ ಡ್ರಿಲ್ ಮಾಸ್ತರರಾಗಿದ್ದರು. ಮನೆಯಲ್ಲಿಯೂ ಸೀಟಿ ಊದಿಯೇ ಎಬ್ಬಿಸುತ್ತಿದ್ದರು. ಹಾಸಿಗೆ ಸುತ್ತಲು ಎರಡು ನಿಮಿಷ, ಸ್ನಾನಕ್ಕೆ ಆರು. ವೇಳಾಪತ್ರಿಕೆ ಹಾಕಿಕೊಂಡರೆ ಆಗದ ಕೆಲಸ ಜಗತ್ತಿನಲ್ಲಿ ಇಲ್ಲ ಎಂದು ಅವರು ನಂಬಿದ್ದರು, ನಾನೂ ನಂಬಿದ್ದೆ. ಸೋಮವಾರ ಕಚೇರಿಗೆ ಬೇಗ ಹೋಗಿ ಮೊದಲು ತೂಕ ನೋಡಿದೆ. ಖಡಕಿಯ ಒಂದು ಕಾರ್ಖಾನೆಯ ಕಚೇರಿಯಲ್ಲಿ ಟಪಾಲು ವಿಭಾಗ ನನ್ನದು. ಪಾರ್ಸಲ್ ತೂಗುವ ದೊಡ್ಡ ಕಾಟಾ ನನ್ನ ಮೇಜಿನ ಹಿಂದೆಯೇ ಇತ್ತು. ಚಪ್ಪಲಿ ಬಿಟ್ಟು ಅದರ ಹಲಗೆಯ ಮೇಲೆ ನಿಂತೆ. ಎಪ್ಪತ್ತಾರು ಕಿಲೋ. ನನ್ನ ಎತ್ತರ ಐದು ಅಡಿ ಒಂದು ಇಂಚು, ವಯಸ್ಸು ನಲವತ್ತೆಂಟು.

ಆಮೇಲೆ ದಿನಚರಿಯನ್ನು ಹಾಳೆಯ ಮೇಲೆ ಬರೆದೆ. ಮುಂಜಾನೆ ಐದಕ್ಕೆ ನಳ ಬರುತ್ತದೆ, ಆರೂವರೆಗೆ ಹೋಗುತ್ತದೆ. ಅಷ್ಟರಲ್ಲಿ ನೀರು ತುಂಬಿ, ಅಡುಗೆ ಮಾಡಿ, ಮೂರು ಡಬ್ಬಿ ಕಟ್ಟಬೇಕು. ಏಳು ನಲವತ್ತರ ಬಸ್ಸು, ಡೆಕ್ಕನ್ನಿನಲ್ಲಿ ಇಳಿದು ಖಡಕಿಯದಕ್ಕೆ ಹತ್ತಬೇಕು. ಒಂಬತ್ತರಿಂದ ಐದೂವರೆ ಕಚೇರಿ. ಮನೆ ಮುಟ್ಟುವಾಗ ಏಳು. ಮತ್ತೆ ಅಡುಗೆ. ಹಾಳೆಯನ್ನು ಹಿಂದೆ ಮುಂದೆ ಮಾಡಿ ನೋಡಿದೆ. ಎಲ್ಲಿಯೂ ಅರ್ಧ ತಾಸು ಸಿಗಲಿಲ್ಲ. ನಮ್ಮ ಸೊಸಾಯಿಟಿಯ ಜನ ನಸುಕಿನಲ್ಲಿ ಟೇಕಡಿ, ಅಂದರೆ ಹಿಂದಿನ ಗುಡ್ಡ, ಹತ್ತಲು ಹೋಗುತ್ತಿದ್ದರು, ಆದರೆ ಅವರ ಟೇಕಡಿಯ ಹೊತ್ತೂ ನನ್ನ ನಳದ ಹೊತ್ತೂ ಒಂದೇ. ಓಣಿಯ ತುದಿಯಲ್ಲಿ ಗಾಜಿನ ಬಾಗಿಲಿನ ಒಂದು ಜಿಮ್ ಆಗಷ್ಟೇ ಶುರುವಾಗಿತ್ತು. ಒಳಗೆ ಹುಡುಗರು ಕನ್ನಡಿಯಲ್ಲಿ ತಮ್ಮ ತೋಳು ನೋಡಿಕೊಳ್ಳುತ್ತಿದ್ದರು. ಟಪಾಲು ವಿಭಾಗದ ಹೆಂಗಸು ಸೀರೆಯುಟ್ಟು ಅಲ್ಲಿಗೆ ಹೋಗುವ ಮಾತೇ ಇರಲಿಲ್ಲ.

ಹೊತ್ತು ಬೇಡದ ಉಪಾಯ ಒಂದೇ ಇತ್ತು: ಉಪವಾಸ. ಉಣ್ಣದೆ ಇದ್ದರೆ ಹೊತ್ತು ಉಳಿಯುತ್ತದೆಯೇ ಹೊರತು ಖರ್ಚಾಗುವುದಿಲ್ಲ. ಸೋಮವಾರ, ಗುರುವಾರ, ಶನಿವಾರ, ಚತುರ್ಥಿ, ಏಕಾದಶಿ ಎಂದು ಗೊತ್ತುಮಾಡಿಕೊಂಡೆ. ಪಕ್ಕದ ಮೇಜಿನ ಮರಾಠಿ ಗೆಳತಿಗೆ ಬಹಳ ಸಂತೋಷವಾಯಿತು. ಇಪ್ಪತ್ತು ವರ್ಷದಿಂದ ಅವಳೊಬ್ಬಳೇ ಉಪವಾಸ ಮಾಡುತ್ತಿದ್ದಳು. ಈಗ ಜೊತೆ ಸಿಕ್ಕಿತು. ಮೊದಲ ಗುರುವಾರವೇ ನನ್ನ ಪಾಲಿನ ಡಬ್ಬಿಯನ್ನೂ ತಂದಳು. ಸಾಬೂದಾಣಿ ಖಿಚಡಿ, ಮೇಲೆ ಹುರಿದ ಶೇಂಗಾ ಪುಡಿ, ಅಂಚಿನಲ್ಲಿ ತುಪ್ಪ.

ನಾನು ಅನುಮಾನಿಸಿದೆ. ಅವಳು ಡಬ್ಬಿಯನ್ನು ನನ್ನ ಕಡೆ ತಳ್ಳಿದಳು. "ಅಗಂ, ಖಾ ಕೀ! ಉಪವಾಸಾಲಾ ಚಾಲತಂ." ಉಪವಾಸಕ್ಕೆ ಇದು ನಡೆಯುತ್ತದೆ, ತಿನ್ನು ಎಂದು.

ನಡೆಯುತ್ತದೆ ಎಂದ ಮೇಲೆ ನಡೆಯಿತು. ಖಿಚಡಿ ನಡೆಯಿತು, ಬಟಾಟೆ ಚಿವಡಾ ನಡೆಯಿತು, ವರಿ ಅಕ್ಕಿ ಅನ್ನದ ಮೇಲೆ ಶೇಂಗಾದ ಆಮಟಿ ನಡೆಯಿತು. ಶ್ರಾವಣ ಬಂತು. ಇಡೀ ಕಚೇರಿಯೇ ಉಪವಾಸ. ಮಧ್ಯಾಹ್ನ ಒಂದಕ್ಕೆ ಎಂಟು ಡಬ್ಬಿ ಬಿಚ್ಚಿದರೆ ಎಂಟರಲ್ಲೂ ಉಪವಾಸದ ಬೇರೆ ಬೇರೆ ಪದಾರ್ಥ. ಆ ಶ್ರಾವಣದ ಮಧ್ಯಾಹ್ನಗಳು ನನಗೆ ಈಗಲೂ ಇಷ್ಟ. ಕಿಟಕಿಯ ಹೊರಗೆ ಜಿಟಿಜಿಟಿ ಮಳೆ, ಒಳಗೆ ಜೀರಿಗೆ ಒಗ್ಗರಣೆಯ ವಾಸನೆ, ಒಬ್ಬರ ಡಬ್ಬಿಗೆ ಇನ್ನೊಬ್ಬರ ಕೈ. ತಿಂದದ್ದನ್ನೆಲ್ಲ ನಾನು ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದೆ: ರೊಟ್ಟಿ ಇಷ್ಟು, ಅನ್ನ ಇಷ್ಟು. ಉಪವಾಸದ ದಿನಗಳ ಎದುರಿಗೆ ಮಾತ್ರ ಸೊನ್ನೆ.

ಅದು ಸುಳ್ಳಲ್ಲ, ನಂಬಿಕೆ. ವಿಜಾಪುರದ ನಮ್ಮ ಮನೆಯಲ್ಲಿ ಏಕಾದಶಿ ಎಂದರೆ ಒಲೆಯೇ ಹೊತ್ತುತ್ತಿರಲಿಲ್ಲ. ತೀರ್ಥ ಬಿಟ್ಟರೆ ದೊಡ್ಡವರ ಬಾಯಿಗೆ ನೀರೂ ಇಲ್ಲ. ಮರುದಿನ ಸೂರ್ಯ ಹುಟ್ಟುವ ಹೊತ್ತಿಗೆ ತಾಯಿ ಅನ್ನಕ್ಕೆ ಇಡುತ್ತಿದ್ದಳು. ಆ ಅನ್ನದ ಹಬೆಯ ವಾಸನೆಗೇ ನಾವು ಮಕ್ಕಳು ಎದ್ದು ಕೂಡುತ್ತಿದ್ದೆವು. ಹಾಗಾಗಿ ಉಪವಾಸ ಎಂದರೆ ನನ್ನ ತಲೆಯಲ್ಲಿ ಸೊನ್ನೆ ಎಂದೇ ಕೂತಿತ್ತು. ಪುಣೆಯಲ್ಲಿ ಉಪವಾಸಕ್ಕೆ ಬೇರೆ ಅಡುಗೆಯೇ ಇದೆ. ನಾನು ಹೆಸರನ್ನು ವಿಜಾಪುರದಿಂದಲೂ ತಟ್ಟೆಯನ್ನು ಪುಣೆಯಿಂದಲೂ ತೆಗೆದುಕೊಂಡಿದ್ದೆ.

ಸೆಪ್ಟೆಂಬರ್ ಮೊದಲ ಸೋಮವಾರ ಕಾಟಾ ಎಪ್ಪತ್ತೆಂಟು ತೋರಿಸಿತು. ಕಾಟಾವೇ ಕೆಟ್ಟಿದೆ ಎಂದುಕೊಂಡು ಐದು ಕಿಲೋದ ತೂಕದ ಕಲ್ಲು ಇಟ್ಟು ನೋಡಿದೆ. ಐದೇ ತೋರಿಸಿತು.

ಗಣಪತಿ ಕಳಿಸುವ ಮುಂಚಿನ ಏಕಾದಶಿಯ ದಿನ ಎರಡನೆಯ ಶನಿವಾರವಾದ್ದರಿಂದ ಕಚೇರಿಗೆ ರಜೆ. ಹನ್ನೊಂದರ ಸುಮಾರಿಗೆ ನೆಗೆಣ್ಣಿ ಬಂದಳು. ಅವರ ಮನೆ ಖಡಕಿಯಲ್ಲೇ. ಮೈದುನ ಅಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ. ಮದುವೆಗೆ ಹಪ್ಪಳ ಎಷ್ಟು ಹೇಳಬೇಕೆಂದು ಕೇಳಲು ಬಂದವಳು ನನ್ನ ತಟ್ಟೆ ನೋಡಿ ಬಾಗಿಲಲ್ಲೇ ನಿಂತಳು.

"ಅಕ್ಕಾ, ಇವತ್ತ ಏಕಾದಶಿ ಅಲ್ರಿ?"

"ಹೌದು. ಉಪಾಸ ಅದೀನಿ."

"ಮತ್ತ ಇದೇನ್ರಿ?"

"ಸಾಬೂದಾಣಿ ಖಿಚಡಿ. ಇದು ಗೆಣಸಿನ ಶಿರಾ. ಉಪಾಸಕ್ಕ ನಡೀತದ."

ಅವಳು ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. "ಹಿಂತಾ ಉಪಾಸ ಇದ್ದಿದ್ರ ನಮ್ಮ ಮಾವನೋರು ದಿನಾ ಏಕಾದಶಿ ಮಾಡ್ತಿದ್ರು ನೋಡ್ರಿ!"

ಒಳಗಿನ ಕೋಣೆಯಿಂದ ಯಜಮಾನರ ದನಿ ಬಂತು. "ಅಕಿಗೆ ಏನೂ ಅನಬ್ಯಾಡವಾ. ಅಕಿ ಉಪಾಸ ಇದ್ದ ದಿವಸ ಮನ್ಯಾಗ ಶೇಂಗಾ ಉಳಿಯಂಗಿಲ್ಲ, ಅಷ್ಟ."

ಇಬ್ಬರೂ ನಕ್ಕರು. ನನಗೆ ನಗು ಬರಲಿಲ್ಲ. "ಚಲೋ ಆತು, ಇಬ್ರೂ ಕೂಡಿ ನಗ್ರಿ" ಎಂದೆ. "ಆಚಾರ್ರಿಗೂ ಹೇಳಿ ಕಳಸ್ರಿ, ಕಾಕುನ ಕೂಡ್ತಾಳಂತ. ಹೆಂಗೂ ತಯಾರ ಅದಾಳ."

ನಗು ನಿಂತಿತು. ನೆಗೆಣ್ಣಿ ಚೀಲವನ್ನು ಗೋಡೆಗೆ ಒರಗಿಸಿಟ್ಟಳು. "ಹಂಗ್ಯಾಕ ಅಂತೀರಿ ಅಕ್ಕಾ" ಎಂದಷ್ಟೇ ಹೇಳಿ ಅಡುಗೆಮನೆಗೆ ಹೋದಳು. ಮನೆಯಲ್ಲಿ ಉಳಿದವರಿಗೆ ಅಡುಗೆಯಾಗಬೇಕಿತ್ತು. ಅವಳಿಗೆ ಚಾಕು ಹಿಡಿದು ನಿಂತು ಹೆಚ್ಚುವುದು ಒಗ್ಗುತ್ತಿರಲಿಲ್ಲ. ಅಟ್ಟದ ಮೇಲಿದ್ದ ನನ್ನ ಅತ್ತೆಯ ಈಳಿಗೆಮಣೆಯನ್ನು ಇಳಿಸಿಕೊಂಡು ನೆಲದ ಮೇಲೆ ಕುಳಿತು ಬದನೆಕಾಯಿ ಹೆಚ್ಚತೊಡಗಿದಳು. ನೀರಿಗೆ ಎದ್ದಳು, ಕುಳಿತಳು. ಉಪ್ಪಿಗೆ ಎದ್ದಳು, ಕುಳಿತಳು. ತೊಟ್ಟು ಚೆಲ್ಲಲು ಎದ್ದಳು. ನಾನು ಮುನಿಸಿಕೊಂಡು ಸ್ಟೂಲಿನ ಮೇಲೆ ಕುಳಿತು ಬೇರೆ ಕೆಲಸವಿಲ್ಲದೆ ಎಣಿಸುತ್ತಿದ್ದೆ. ಅರ್ಧ ತಾಸಿನಲ್ಲಿ ಹನ್ನೊಂದು ಸಲ, ಒಂದು ಸಲವೂ ಕೈಯೂರದೆ.

ಆಗ ನನ್ನ ಕಣ್ಣು ನನ್ನ ಓಟಾದ ಕಡೆ ಹೋಯಿತು. ಪುಣೆಯ ಫ್ಲ್ಯಾಟುಗಳಲ್ಲಿ ಗ್ಯಾಸು ಇಡುವ, ಸೊಂಟದೆತ್ತರದ ಕಡಪಾ ಕಲ್ಲಿನ ಕಟ್ಟೆಗೆ ಓಟಾ ಎನ್ನುತ್ತಾರೆ. ಹತ್ತೊಂಬತ್ತು ವರ್ಷದ ಹಿಂದೆ ಈ ಮನೆಗೆ ಬಂದಾಗ ನಾನು ಹೆಮ್ಮೆಪಟ್ಟದ್ದು ಅದಕ್ಕೇ. ಉಪ್ಪು, ಎಣ್ಣೆ, ಹಿಟ್ಟು, ಚಾಕು ಎಲ್ಲವನ್ನೂ ಕೈಯಳತೆಯಲ್ಲಿ ಜೋಡಿಸಿದ್ದೆ. ನಿಂತಲ್ಲಿಂದ ಒಂದು ಹೆಜ್ಜೆ ಸರಿಯದೆ ಮೂವತ್ತೈದು ನಿಮಿಷದಲ್ಲಿ ಅಡುಗೆ. ಅಷ್ಟು ವ್ಯವಸ್ಥಿತ ಅಡುಗೆಮನೆ ನಮ್ಮ ಬಳಗದಲ್ಲಿ ಯಾರದೂ ಇರಲಿಲ್ಲ. ವಿಜಾಪುರದಲ್ಲಿ ನನ್ನ ತಾಯಿಗೆ ಓಟಾ ಇರಲಿಲ್ಲ. ಒಲೆ ನೆಲದ ಮೇಲೆ, ನೀರಿನ ಹಂಡೆ ಬಚ್ಚಲಲ್ಲಿ, ಜೋಳದ ಹಿಟ್ಟು ನಡುಮನೆಯಲ್ಲಿ. ಅವಳು ದಿನಕ್ಕೆ ನೂರು ಸಲ ಎದ್ದು ಕೂಡುತ್ತಿದ್ದಳು. ಎಪ್ಪತ್ತನೆಯ ವಯಸ್ಸಿನಲ್ಲೂ ಪಂಕ್ತಿಯಲ್ಲಿ ಕುಳಿತು ಉಂಡು ಎದ್ದು ತನ್ನ ಎಲೆ ತಾನೇ ತೆಗೆಯುತ್ತಿದ್ದಳು. ನಾನು ಕುರ್ಚಿಯಿಂದ ಬಸ್ಸಿಗೆ, ಬಸ್ಸಿನಿಂದ ಕುರ್ಚಿಗೆ, ಅಲ್ಲಿಂದ ಓಟಾಕ್ಕೆ. ಹತ್ತೊಂಬತ್ತು ವರ್ಷ ನೆಲ ಮುಟ್ಟಿರಲಿಲ್ಲ.

ಮರುದಿನ ಭಾನುವಾರ ಅಡುಗೆಮನೆಯನ್ನು ಬೇಕೆಂದೇ ಕೆಡಿಸಿದೆ. ಉಪ್ಪನ್ನು ಬಾಗಿಲ ಹಿಂದಿನ ಗೂಡಿಗೆ, ಎಣ್ಣೆಯನ್ನು ಎದುರು ಗೋಡೆಗೆ, ಹಿಟ್ಟಿನ ಡಬ್ಬವನ್ನು ಹೊರಗಿನ ಕೋಣೆಗೆ ಒಯ್ದಿಟ್ಟೆ. ಗ್ಯಾಸು ಮಾತ್ರ ಮೇಲೆ. ಹೆಚ್ಚುವುದು, ಸೋಸುವುದು, ಹಿಟ್ಟು ನಾದುವುದು, ರೊಟ್ಟಿ ಬಡಿಯುವುದು ಎಲ್ಲವೂ ಕೆಳಗೆ. ಪ್ರತಿ ರೊಟ್ಟಿಗೂ ಒಮ್ಮೆ ಎದ್ದು ಹೆಂಚಿಗೆ ಹಾಕಿ ಬರಬೇಕು. ಇದಕ್ಕೆ ಬೇರೆ ಹೊತ್ತು ಬೇಕಾಗಿರಲಿಲ್ಲ. ಇದ್ದ ಕೆಲಸವೇ ಹೊತ್ತು ನುಂಗುತ್ತಿತ್ತು. ಮೂವತ್ತೈದು ನಿಮಿಷದ ಅಡುಗೆ ಐವತ್ತೈದಾಯಿತು. ಮುಂಜಾನೆ ಇಪ್ಪತ್ತು ನಿಮಿಷ ಮುಂಚೆ ಏಳತೊಡಗಿದೆ. ಮೊದಲ ವಾರ ಏಳುವಾಗ ಓಟಾದ ಅಂಚು ಹಿಡಿದು ಏಳುತ್ತಿದ್ದೆ, ಮಂಡಿಯಿಂದ ಬಂದ ಸದ್ದಿಗೆ ಯಜಮಾನರು "ಏನು ಮುರೀತು?" ಎಂದು ಓಡಿಬಂದಿದ್ದರು. ಎರಡನೆಯ ವಾರಕ್ಕೆ ಗೋಡೆ. ದಸರೆಯ ಹೊತ್ತಿಗೆ ಒಂದು ಕೈ ನೆಲಕ್ಕೆ ಊರಿದರೆ ಸಾಕಾಗುತ್ತಿತ್ತು.

ಉಪವಾಸಗಳನ್ನೆಲ್ಲ ಬಿಟ್ಟೆ. ಹೊತ್ತಿಗೆ ಸರಿಯಾಗಿ ಎರಡು ಜೋಳದ ರೊಟ್ಟಿ, ಪಲ್ಯ, ಮಜ್ಜಿಗೆ. ಮೇಜಿನ ಗೆಳತಿಗೆ ಬೇಸರವಾಗಿ ನಾಲ್ಕು ದಿನ ಡಬ್ಬಿ ಮುಂದೆ ಮಾಡಲಿಲ್ಲ. ಐದನೆಯ ದಿನ ನನ್ನ ರೊಟ್ಟಿಯಲ್ಲೇ ಅರ್ಧ ಮುರಿದುಕೊಂಡಳು. ಕಚೇರಿಯ ಆರು ಕಪ್ಪು ಚಹಾ ಎರಡಾಯಿತು. ಬಸ್ಸನ್ನು ಎರಡು ಸ್ಟಾಪು ಮುಂಚೆ ಬಿಟ್ಟು ನಡೆದೆ. ಸಾಹೇಬರ ಟಪಾಲನ್ನು ಮೇಲಿನ ಮಾಳಿಗೆಗೆ ನಾನೇ ಒಯ್ಯತೊಡಗಿದಾಗ ನಮ್ಮ ಮುದುಕ ಶಿಪಾಯಿ ಮೆಟ್ಟಿಲಲ್ಲಿ ಅಡ್ಡ ನಿಂತು "ಬಾಯಿ, ಮಾಝೀ ನೋಕರಿ ಘೇತಾ ಕಾಯ?" ಎಂದ. ನನ್ನ ನೌಕರಿ ಕಸಿಯುತ್ತೀರಾ ಎಂದು. ಬೆಳಗಿನ ಟಪಾಲು ನನ್ನದು, ಸಂಜೆಯದು ಅವನದು ಎಂದು ಒಪ್ಪಂದವಾಯಿತು.

ಆ ಚಳಿಗಾಲವನ್ನು ನೆನೆದರೆ ಇಂದಿಗೂ ನನ್ನ ಮೂಗಿಗೆ ಬರುವುದು ಹಸಿ ಬಟಾಣಿಯ ವಾಸನೆ. ಸಂಜೆ ಏಳೂವರೆಗೆ ನಾನು ಅಡುಗೆಮನೆಯ ನೆಲದ ಮೇಲೆ ಕುಳಿತರೆ ಮಗಳೂ ಬಂದು ಎದುರಿಗೆ ಕೂಡುತ್ತಿದ್ದಳು. ಅವಳು ಶಿಶುವಿಹಾರವೊಂದರಲ್ಲಿ ಕಲಿಸುತ್ತಿದ್ದಳು. ಇಬ್ಬರ ನಡುವೆ ಪೇಪರು ಹಾಸಿ ಬಟಾಣಿ ಸುಲಿಯುವುದು, ಮೆಂತ್ಯ ಸೋಸುವುದು. ಅವಳು ಶಾಲೆಯ ಮಕ್ಕಳ ಮಾತು ಅನುಕರಿಸಿ ತೋರಿಸುತ್ತಿದ್ದಳು. ಹೇಳುವಾಗ ಅವಳ ಎಡ ಹುಬ್ಬು ತುಸು ಮೇಲೇರುತ್ತದೆ ಎಂದು ನಾನು ಕಂಡದ್ದು ಆಗಲೇ. ಅಷ್ಟು ವರ್ಷ ಅವಳು ಶಾಲೆಯಿಂದ, ಕಾಲೇಜಿನಿಂದ ಬಂದು ಹೇಳಿದ್ದನ್ನೆಲ್ಲ ನಾನು ಓಟಾದ ಗೋಡೆಯ ಕಡೆ ಮುಖ ಮಾಡಿಯೇ ಕೇಳಿದ್ದೆ. ಮಗಳು ಬೆಳೆದದ್ದು ನನ್ನ ಬೆನ್ನ ಹಿಂದೆ. ಎದುರಿಗೆ ಕೂತು ನೋಡಲು ಸಿಕ್ಕದ್ದು ಕೊನೆಯ ಐದು ತಿಂಗಳು.

ಭಾನುವಾರ ಮುಂಜಾನೆ ಅಲಾರಾಂ ಗಡಿಯಾರ ಇಟ್ಟುಕೊಂಡು ನಾನೂ ಯಜಮಾನರೂ ಮಣೆ ಹಾಕಿ ಕೂಡುವ ಅಭ್ಯಾಸ ಮಾಡುತ್ತಿದ್ದೆವು. ಅವರು ಪೇಪರು ಓದುತ್ತಿದ್ದರು. "ವಾರಾ ವಾರಾ ಹಿಂಗ ಮಣಿ ಮ್ಯಾಲೆ ಕೂಡಿಸಿದ್ರ ನನ್ನದ ಎರಡನೇ ಮದುವಿ ಮಾಡಿದಂಗ ಆಗ್ತದ" ಎಂದು ಒಮ್ಮೆ ಅಂದರು.

"ಹೆಣ್ಣು ಹಳೇದ ಅದ. ಸುಮ್ಮನ ಕೂಡ್ರಿ" ಎಂದೆ.

ಜನವರಿಯ ಒಂದು ಸಂಜೆ ಬಟಾಣಿ ಸುಲಿಯುತ್ತ ಮಗಳು ತಲೆ ಎತ್ತದೆ ಕೇಳಿದಳು: "ಅವ್ವಾ, ಕಾಕುಗ ಇಬ್ರೂ ಗಂಡಮಕ್ಕಳ. ಅಕಿ ಯಾರಿಗೆ ಧಾರಿ ಎರೀಬೇಕು?"

ಗಂಡುಮಕ್ಕಳ ತಾಯಿಗೆ ಧಾರೆಯ ತಂಬಿಗೆ ಹಿಡಿಯುವ ಪ್ರಸಂಗವೇ ಬರುವುದಿಲ್ಲ. ಅವಳು ಕೊಡುವವಳಲ್ಲ, ಕರೆದುಕೊಂಡು ಬರುವವಳು. 'ನಾ ಕೂಡ್ತೀನಿ ತಗೋರಿ' ಎಂದದ್ದರಲ್ಲಿ ಚುಚ್ಚುಮಾತು ಇರಲಿಲ್ಲ. ಏಳು ತಿಂಗಳು ನಾನು ಅದನ್ನು ಚುಚ್ಚುಮಾತೆಂದೇ ಇಟ್ಟುಕೊಂಡಿದ್ದೆ.

ಆದರೂ ಬಿಟ್ಟುಕೊಡುವ ಮನಸ್ಸಾಗಲಿಲ್ಲ. ಮದುವೆಗೆ ಹದಿನೈದು ದಿನವಿರುವಾಗ ಆಚಾರ್ಯರು ಸಾಮಾನಿನ ಪಟ್ಟಿ ಕೊಡಲು ಬಂದರು. ನೆಗೆಣ್ಣಿಯೂ ಇದ್ದಳು. "ಯಾರು ಕೂಡೋರು? ಇವತ್ತ ಹೇಳ್ರಿ" ಎಂದರು. "ನಡುವ ಎದ್ದ್ರ ಮತ್ತ ಮೊದಲಿಂದ ಸಂಕಲ್ಪ. ಮುಹೂರ್ತ ನಿಮ್ಮ ಸಲುವಾಗಿ ಕಾಯಂಗಿಲ್ಲ."

ಆ ಸೋಮವಾರ ಕಾಟಾ ತೋರಿಸಿದ್ದು ಎಪ್ಪತ್ತು. ನಾನು ಅರವತ್ತೈದರ ಗುರಿ ಇಟ್ಟುಕೊಂಡಿದ್ದೆ. ಅಭ್ಯಾಸದಲ್ಲಿ ಕುಳಿತಿದ್ದ ಅತಿ ಹೆಚ್ಚು ಹೊತ್ತು ಒಂದು ತಾಸು ನಲವತ್ತು ನಿಮಿಷ. ಬೇಕಾಗಿದ್ದದ್ದು ಮೂರು ತಾಸು.

"ನಾನ ಕೂಡ್ತೀನ್ರಿ" ಎಂದೆ.

ಆಚಾರ್ಯರು ನನ್ನನ್ನು ಒಮ್ಮೆ ನೋಡಿ ಪಟ್ಟಿ ಮಡಚಿದರು. ನೆಗೆಣ್ಣಿ "ಚಲೋ ಆತ್ರಿ ಅಕ್ಕಾ" ಎಂದು ಚಹಾ ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋದಳು. ಕಪ್ಪು ತೊಳೆಯಲು ಅವಳು ಬಹಳ ಹೊತ್ತು ತೆಗೆದುಕೊಂಡಳು.

ಫೆಬ್ರುವರಿಯ ಎರಡನೆಯ ಭಾನುವಾರ, ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ ಕೋಥರೂಡದ ಮದುವೆ ಕಾರ್ಯಾಲಯವೊಂದರಲ್ಲಿ ನಾನೂ ಯಜಮಾನರೂ ಮಣೆಯ ಮೇಲೆ ಕುಳಿತೆವು. ಮೊದಲ ತಾಸು ಏನೂ ತಿಳಿಯಲಿಲ್ಲ. ಎರಡನೆಯ ತಾಸಿನಲ್ಲಿ ಕಾಲ ಭಾರವನ್ನು ಎಡಕ್ಕೆ ಬಲಕ್ಕೆ ಬದಲಿಸುತ್ತ ಹೋದೆ. ಅದು ನೆಲ ಕಲಿಸಿದ ಜಾಣತನ. ಹತ್ತೂವರೆಗೆ ಕಾಲು ಸರಿಯಾಗಿಯೇ ಇತ್ತು, ಬೆನ್ನು ಸೋತಿತು. ಸೊಂಟದ ಮೇಲೆ ಯಾರೋ ಹಾರೆ ಹಾಕಿ ಮೀಟಿದಂತೆ. ಕಣ್ಣೆದುರು ಹೋಮದ ಹೊಗೆಯೂ ಬೆವರೂ ಕೂಡಿದವು. ಯಜಮಾನರು ಮೆಲ್ಲಗೆ "ಆಗ್ತದಿಲ್ಲೋ?" ಎಂದರು. ಬಾಯಿ ತೆಗೆದರೆ ಇಲ್ಲ ಎಂದು ಬಂದೀತು ಎಂಬ ಹೆದರಿಕೆ.

ಆಗ ಹಿಂದಿನಿಂದ ಪಿಸುಮಾತು. ನೆಗೆಣ್ಣಿ ಯಾವಾಗ ಬಂದು ನನ್ನ ಹಿಂದೆ ಕುಳಿತಿದ್ದಳೋ ತಿಳಿಯದು.

"ಅಕ್ಕಾ, ತುಸು ಹಿಂದ ವಾಲ್ರಿ. ನನ್ನ ಮೊಣಕಾಲಿಗೆ ಆತುಕೋರಿ."

"ಆಚಾರ್ರು ನೋಡ್ತಾರ."

"ನೋಡಲಿ. ಮಣಿ ಬಿಟ್ಟು ಎದ್ದೀರೇನು?"

ವಾಲಿದೆ. ಅವಳ ಎರಡು ಮೊಣಕಾಲು ನನ್ನ ಬೆನ್ನಿಗೆ ಗೋಡೆಯಂತೆ ಸಿಕ್ಕವು. ಕಡ್ಡಿಯಂಥ ಹೆಂಗಸು ಎಪ್ಪತ್ತು ಕಿಲೋದ ಭಾರವನ್ನು ಮುಕ್ಕಾಲು ತಾಸು ಅಲ್ಲಾಡದೆ ಹೊತ್ತಳು. ಆಚಾರ್ಯರು ನೋಡಿದರು, ನೋಡದಂತೆ ಮಂತ್ರ ಮುಂದುವರಿಸಿದರು.

ಹನ್ನೊಂದೂಕಾಲಿಗೆ ಅಂತರಪಟ ಸರಿಯಿತು. ಯಜಮಾನರು ಮಗಳ ಕೈಯನ್ನು ಹುಡುಗನ ಕೈಯಲ್ಲಿ ಇಟ್ಟರು. ಆಚಾರ್ಯರು ನನ್ನ ಕೈಗೆ ತಂಬಿಗೆ ಕೊಟ್ಟರು. ತುಂಬಿದ ತಂಬಿಗೆಯಾದರೂ ನನಗೆ ಅದೇನೂ ಭಾರವಲ್ಲ. ಪಾರ್ಸಲ್ ಎತ್ತಿಯೇ ಇಪ್ಪತ್ತು ವರ್ಷ ಕಳೆದವಳು ನಾನು.

"ಕೈ ಹಚ್ಚು" ಎಂದೆ, ಹಿಂದಕ್ಕೆ ತಿರುಗದೆ.

"ನಾ ಯಾಕ್ರಿ ಅಕ್ಕಾ?"

"ತಂಬಿಗಿ ಭಾರ ಆಗ್ಯದ. ಹಚ್ಚು."

ಆಮೇಲೆ ನನ್ನ ಹೆಗಲ ಪಕ್ಕದಿಂದ ಹಸಿರು ಬಳೆಯ ಸಣ್ಣ ಕೈಯೊಂದು ಮುಂದೆ ಬಂದು ತಂಬಿಗೆಯ ತಳಕ್ಕೆ ಆತುಕೊಂಡಿತು. ಆಚಾರ್ಯರ ಮಂತ್ರ ಅರ್ಧ ಉಸಿರು ನಿಂತಿತು. ನಾನು ಅವರ ಕಣ್ಣಿಗೆ ಕಣ್ಣಿಟ್ಟೆ. "ಬಿಡ್ರಿ, ನೀರು ಬಿಡ್ರಿ" ಎಂದರು, ಎಂದಿಗಿಂತ ಗಟ್ಟಿಯಾಗಿ. ಧಾರೆ ಬಿದ್ದಿತು. ಮಗಳು ತಲೆ ಎತ್ತಿ ನಮ್ಮಿಬ್ಬರನ್ನೂ ನೋಡಿದಳು. ಎಡ ಹುಬ್ಬು ತುಸು ಮೇಲೇರಿತ್ತು.

ಕೈಯೂರದೆ ಎದ್ದೆ ಎಂದು ಬರೆಯಲಾರೆ. ಬಲಗೈ ನೆಲಕ್ಕೆ ಊರಿ, ಮಂಡಿಯ ಮೇಲೆ ಬಂದು, ಉಸಿರು ಹಿಡಿದು ಎದ್ದೆ. ಯಾರೂ ರಟ್ಟೆ ಹಿಡಿಯಲಿಲ್ಲ. ನನ್ನ ಹಿಂದೆ ನೆಗೆಣ್ಣಿಗೆ ಮಾತ್ರ ಏಳಲಾಗಲಿಲ್ಲ. ಅವಳ ಎರಡೂ ಕಾಲು ಜೋಮು ಹಿಡಿದಿದ್ದವು. ನಾನೇ ಕೈ ಕೊಟ್ಟು ಎಬ್ಬಿಸಿದೆ. "ನಿಮ್ಮ ಭಾರ ಇನ್ನೂ ಭಾಳ ಅದರಿ ಅಕ್ಕಾ" ಎಂದಳು, ಕಾಲು ಝಾಡಿಸುತ್ತ. ಇಬ್ಬರೂ ಅಲ್ಲೇ ನಿಂತು ನಕ್ಕೆವು. ಬೀಗರು ತಿರುಗಿ ನೋಡಿದರು.

ನಾಲ್ಕೂವರೆಗೆ ಮಗಳು ಸೊಲ್ಲಾಪುರದ ಗಾಡಿ ಹತ್ತಿದಳು. ಐದೂವರೆಗೆ ಕಾರ್ಯಾಲಯದ ಪಾತ್ರೆಗಳನ್ನು ಎಣಿಸಿ ಒಪ್ಪಿಸಿದೆ. ಆರಕ್ಕೆ ಮನೆ. ಉಳಿದ ಲಾಡುಗಳನ್ನು ನೆರೆಯ ನಾಲ್ಕು ಮನೆಗೆ ಹಂಚಿದೆ. ಯಜಮಾನರಿಗೆ ಚಹಾ ಮಾಡಿಕೊಟ್ಟೆ; ಅವರು ಅರ್ಧ ಕುಡಿದು ಕುರ್ಚಿಯಲ್ಲೇ ನಿದ್ದೆ ಹೋದರು. ರೇಷ್ಮೆ ಸೀರೆ ಬಿಚ್ಚಿ ಗಾಳಿಗೆ ಹರವಿದೆ. ಬಾಲ್ಕನಿಯ ಹಗ್ಗದ ಮೇಲೆ ಮಗಳು ಮುಂಜಾನೆ ಎಣ್ಣೆನೀರು ಹಾಕಿಕೊಂಡು ತಲೆ ಒರೆಸಿ ಒಣಹಾಕಿದ ಟಾವೆಲು ಇನ್ನೂ ಇತ್ತು. ಒಣಗಿ ಗರಿಗರಿಯಾಗಿತ್ತು. ತೆಗೆದು, ನೆಲದ ಮೇಲೆ ಕುಳಿತು, ನಾಲ್ಕು ಮಡಿಕೆ ಮಾಡಿ ಕಪಾಟಿನಲ್ಲಿ ಅವಳ ಅರೆಯಲ್ಲಿ ಇಟ್ಟೆ. ಆಗ ಏಳು ಗಂಟೆ ಐದು ನಿಮಿಷ. ಆ ದಿನದ ಕೆಲಸ ಅಲ್ಲಿಗೆ ಮುಗಿಯಿತು.